ಫಿಲ್ಟರ್ ಕ್ಲಾಟ್ ಆಗಿದ್ದು ಡಯಾಲಿಸಿಸ್ ಮೆಷಿನ್‌ಗೆ ಯಾಕೆ ತಡವಾಗಿ ಗೊತ್ತಾಗುತ್ತದೆ?

ಡಯಾಲಿಸಿಸ್ ಮೆಷಿನ್‌ನಲ್ಲಿ ಗಾಳಿಯ ಗುಳ್ಳೆ ಹಿಡಿಯುವ ಸೆನ್ಸರ್ ಇದೆ. ರಕ್ತ ಸೋಸುವ ಫಿಲ್ಟರ್‌ನ ಟೊಳ್ಳು ಎಳೆ ಹರಿದು ಒಳಗಿನ ರಕ್ತ ಆಚೆ ಸೋರಿದರೆ ಅದನ್ನು ಹಿಡಿಯುವ ಸೆನ್ಸರ್ ಇದೆ. ರಕ್ತದ ಕಲ್ಮಶ ಎಳೆದುಕೊಳ್ಳಲು ಆ ಎಳೆಗಳ ಹೊರಗೆ ಹರಿಯುವ ದ್ರಾವಣದ ಬಿಸಿ ಎಷ್ಟು, ಅದರಲ್ಲಿ ಉಪ್ಪಿನ ಅಂಶ ಎಷ್ಟು ಎಂದು ಬಿಡದೆ ಅಳೆಯುವ ಸೆನ್ಸರ್‌ಗಳಿವೆ. ಇವುಗಳಲ್ಲಿ ಯಾವುದು ಮಿತಿ ದಾಟಿದರೂ ಮೆಷಿನ್ ಕೂಗುತ್ತದೆ. ಗಾಳಿ ಬಂದರಂತೂ ತಾನೇ ಪಂಪ್ ನಿಲ್ಲಿಸಿ ಲೈನ್, ಅಂದರೆ ರಕ್ತ ಹರಿಯುವ ಟ್ಯೂಬ್, ಮುಚ್ಚಿಬಿಡುತ್ತದೆ. ಆದರೆ ಡಯಾಲಿಸಿಸ್ ವಾರ್ಡಿನಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ತೊಂದರೆ ಇದೆಯಲ್ಲ, ರಕ್ತ ಲೈನಿನಲ್ಲೋ ಫಿಲ್ಟರ್‌ನಲ್ಲೋ ಹೆಪ್ಪುಗಟ್ಟುವುದು, ಅಂದರೆ ಕ್ಲಾಟ್ ಆಗುವುದು, ಅದನ್ನು ನೇರವಾಗಿ ಹಿಡಿಯುವ ಸೆನ್ಸರ್ ಮಾತ್ರ ಸಾಮಾನ್ಯ ಮೆಷಿನ್‌ಗಳಲ್ಲಿ ಇಲ್ಲ.

ಇರುವುದು ಪ್ರೆಶರ್ ಸೆನ್ಸರ್‌ಗಳು. ಹೆಪ್ಪು ಕಟ್ಟಿದರೆ ದಾರಿ ಕಿರಿದಾಗುತ್ತದೆ. ದಾರಿ ಕಿರಿದಾದರೆ ಪ್ರೆಶರ್ ಏರುತ್ತದೆ. ಏರಿದ ಪ್ರೆಶರ್ ನೋಡಿ ನಾವು ಹೆಪ್ಪನ್ನು ಊಹಿಸಬೇಕು. ಊಹೆ ಸರಿಯಾಗಿರಬಹುದು, ಆದರೆ ತಡವಾಗಿರುತ್ತದೆ. ಯಾಕೆಂದರೆ ಈ ಪ್ರೆಶರ್ ಅಲಾರಂಗಳನ್ನು ಮಾಡಿದ್ದು ಬೇರೆ ಕೆಲಸಕ್ಕೆ. ಸೂಜಿ ಕಳಚಿಕೊಂಡಿತು, ಟ್ಯೂಬ್ ಮಡಚಿಕೊಂಡಿತು, ಇಂಥ ಥಟ್ಟನೆ ಬರುವ ಅಪಾಯಗಳಿಗೆ. ಹೆಪ್ಪು ಹಾಗೆ ಬರುವುದಿಲ್ಲ. ಅದು ಗಂಟೆಗಟ್ಟಲೆ, ಎಳೆ ಎಳೆಯಾಗಿ, ಸದ್ದಿಲ್ಲದೆ ಬೆಳೆಯುತ್ತದೆ. ಓಡುವ ಕಳ್ಳನಿಗೆಂದು ಇಟ್ಟ ಕಾವಲುಗಾರನ ಕಣ್ಣೆದುರೇ ನಿಧಾನವಾಗಿ ನಡೆಯುವ ಕಳ್ಳ ದಾಟಿ ಹೋಗುತ್ತಾನೆ. ಈ ಲೇಖನ ಪೂರ್ತಿ ಇರುವುದು ಆ ಕಾವಲಿನ ಬಗ್ಗೆ.

ಹೊರಗೆ ಹರಿಯುವ ರಕ್ತ

ಹಿಮೋಡಯಾಲಿಸಿಸ್ ನಡೆಯುವಾಗ ಸುಮಾರು 150ರಿಂದ 250 ಮಿ.ಲೀ. ರಕ್ತ ಯಾವಾಗಲೂ ದೇಹದ ಹೊರಗಿರುತ್ತದೆ. ಒಂದು ಸೂಜಿಯಿಂದ ಹೊರಬಂದ ರಕ್ತವನ್ನು ಉರುಳೆ ಪಂಪ್ ಒತ್ತಿ ಒತ್ತಿ ಮುಂದೆ ತಳ್ಳುತ್ತದೆ. ಅದು ಡಯಾಲೈಸರ್ ಒಳಗೆ ಹೋಗುತ್ತದೆ. ಎಲ್ಲರೂ ಫಿಲ್ಟರ್ ಎನ್ನುವುದು ಇದನ್ನೇ. ಅಲ್ಲಿಂದ ಹೊರಬಂದು ಡ್ರಿಪ್ ಚೇಂಬರ್ ಎಂಬ ಚಿಕ್ಕ ಕೊಳವೆಯಲ್ಲಿ ಗಾಳಿ ಬಿಟ್ಟು, ಇನ್ನೊಂದು ಸೂಜಿಯ ಮೂಲಕ ದೇಹಕ್ಕೆ ಮರಳುತ್ತದೆ. ನಿಮಿಷಕ್ಕೆ 300 ಮಿ.ಲೀ. ಎಂದು ಹಿಡಿದರೆ 4 ಗಂಟೆಯಲ್ಲಿ 72 ಲೀಟರ್ ರಕ್ತ ಈ ದಾರಿಯಲ್ಲಿ ಹಾದುಹೋಗುತ್ತದೆ. ದೇಹದಲ್ಲಿರುವುದು 5 ಲೀಟರ್ ಆಸುಪಾಸು. ಅಂದರೆ ಅದೇ ರಕ್ತ ಹದಿನಾಲ್ಕು ಸಲ ಪ್ಲಾಸ್ಟಿಕ್ ದಾರಿಯಲ್ಲಿ ಸುತ್ತಿ ಬರುತ್ತದೆ.

ಫಿಲ್ಟರ್ ಒಳಗೆ ಕೂದಲಿನಂಥ ಟೊಳ್ಳು ಎಳೆಗಳಿವೆ, ಸುಮಾರು 10 ಸಾವಿರ. ಒಂದೊಂದರ ಒಳಗಿನ ಅಗಲ 200 ಮೈಕ್ರೋಮೀಟರ್ ಆಸುಪಾಸು. ಅಂದರೆ ಒಂದು ಮಿಲಿಮೀಟರಿನ ಐದನೇ ಒಂದು ಭಾಗ. ಇಷ್ಟು ಸಣ್ಣ ದಾರಿ ಮುಚ್ಚಿಹೋಗಲು ದೊಡ್ಡ ಹೆಪ್ಪೇನೂ ಬೇಕಾಗಿಲ್ಲ.

ನಮ್ಮ ರಕ್ತನಾಳದ ಒಳಪದರ ಸುಮ್ನೆ ಕೂತಿರುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಅದು ಸದಾ ಕೆಲಸ ಮಾಡುತ್ತಿರುತ್ತದೆ. ಪ್ಲಾಸ್ಟಿಕ್‌ಗೆ ಆ ಶಕ್ತಿ ಇಲ್ಲ. ರಕ್ತ ತಾಗಿದ ಕೆಲವೇ ಕ್ಷಣಗಳಲ್ಲಿ ಪ್ರೋಟೀನ್‌ಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಆ ಪ್ರೋಟೀನ್‌ಗೆ ಪ್ಲೇಟ್‌ಲೆಟ್‌ಗಳು ಅಂಟುತ್ತವೆ. ಒಂದು ಅಂಶ ಇನ್ನೊಂದನ್ನು ಎಬ್ಬಿಸುತ್ತಾ ಹೋಗಿ ಕೊನೆಗೆ ಥ್ರಾಂಬಿನ್ ಹುಟ್ಟುತ್ತದೆ. ಅದು ರಕ್ತದಲ್ಲಿ ಕರಗಿದ್ದ ಫೈಬ್ರಿನೋಜನ್ ಅನ್ನು ಫೈಬ್ರಿನ್ ಎಂಬ ನೂಲಾಗಿ ಮಾಡುತ್ತದೆ. ಈ ನೂಲಿನ ಬಲೆಗೆ ಕೆಂಪು ರಕ್ತಕಣಗಳು ಸಿಕ್ಕಿಬಿದ್ದರೆ ಅದೇ ಹೆಪ್ಪು.

ಎಲ್ಲಿ ರಕ್ತ ನಿಧಾನವಾಗುತ್ತದೋ, ಎಲ್ಲಿ ಗಾಳಿಗೆ ತಾಗುತ್ತದೋ ಅಲ್ಲಿ ಇದು ಬೇಗ ಆಗುತ್ತದೆ. ಡ್ರಿಪ್ ಚೇಂಬರ್‌ನಲ್ಲಿ ಎರಡೂ ಇವೆ, ಅದಕ್ಕೇ ಹೆಪ್ಪಿಗೆ ಅದು ಮೆಚ್ಚಿನ ಜಾಗ. ಶುರುವಿನಲ್ಲಿ ಸಲೈನ್ ಹಾಯಿಸುವಾಗ ಎಳೆಗಳಲ್ಲಿ ಗಾಳಿ ಉಳಿದರೆ ಅಲ್ಲೂ ಕಟ್ಟುತ್ತದೆ. ದೇಹದಿಂದ ನೀರು ಜಾಸ್ತಿ ತೆಗೆಯಬೇಕಾದಾಗ ಫಿಲ್ಟರ್ ಒಳಗೇ ರಕ್ತ ಮಂದವಾಗುತ್ತದೆ. ಡಯಾಲಿಸಿಸ್ ನಡುವೆಯೇ ರಕ್ತ ಕೊಟ್ಟರೂ ಮಂದವಾಗುತ್ತದೆ. ಇನ್ನು, ಸೂಜಿಯ ಬದಲು ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ, ಅಂದರೆ ಕ್ಯಾಥೆಟರ್, ರಕ್ತವನ್ನು ಸರಿಯಾಗಿ ಎಳೆಯದೆ ಪಂಪ್ ಪದೇ ಪದೇ ನಿಂತರೆ ಹೇಳುವುದೇ ಬೇಡ. ಪ್ರತಿ ಸಲ ಪಂಪ್ ನಿಂತಾಗಲೂ 10 ಸಾವಿರ ಎಳೆಗಳಲ್ಲಿ ರಕ್ತ ನಿಂತಲ್ಲೇ ನಿಲ್ಲುತ್ತದೆ.

ಕೃತಕ ಕಿಡ್ನಿಯ ಕಥೆ ಶುರುವಿನಿಂದಲೂ ಹೆಪ್ಪಿನ ಜೊತೆಗಿನ ಹೋರಾಟದ ಕಥೆಯೇ. 1913ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜಾನ್ ಜೇಕಬ್ ಏಬಲ್ ಮತ್ತು ಜೊತೆಗಾರರು ಪ್ರಾಣಿಗಳ ಮೇಲೆ ಇದನ್ನು ಮೊದಲು ಮಾಡಿ ತೋರಿಸಿದಾಗ, ರಕ್ತ ಹೆಪ್ಪುಗಟ್ಟದಿರಲು ಜಿಗಣೆಯಿಂದ ತೆಗೆದ ಹಿರುಡಿನ್ ಬಳಸಿದ್ದರು. 1924ರಲ್ಲಿ ಜರ್ಮನಿಯ ಗೀಸೆನ್‌ನಲ್ಲಿ ಗೇಯೋರ್ಗ್ ಹಾಸ್ ಮೊದಲ ಬಾರಿಗೆ ಮನುಷ್ಯನಿಗೆ ಡಯಾಲಿಸಿಸ್ ಮಾಡಿದಾಗಲೂ ಇದ್ದದ್ದು ಅದೇ ಹಿರುಡಿನ್. ಅದು ಶುದ್ಧವಾಗಿ ಸಿಗುತ್ತಿರಲಿಲ್ಲ, ರೋಗಿಗಳಿಗೆ ಒಗ್ಗುತ್ತಲೂ ಇರಲಿಲ್ಲ. ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಎಂಬ ಔಷಧಿ ಬಂದ ಮೇಲೇ ದಾರಿ ತೆರೆದದ್ದು. 1916ರಲ್ಲಿ ಜೇ ಮೆಕ್‌ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿ ಹುಡುಕಿದ ವಸ್ತುವಿನಿಂದ ಶುರುವಾದ ಕೆಲಸ ಅದು. ಮೊದಲು ಸಿಕ್ಕಿದ್ದು ಪಿತ್ತಜನಕಾಂಗದಲ್ಲಿ, ಅದಕ್ಕೇ ಗ್ರೀಕ್ ಭಾಷೆಯಲ್ಲಿ ಆ ಅಂಗಕ್ಕಿರುವ ಹೆಸರನ್ನೇ ಔಷಧಿಗೂ ಇಟ್ಟರು. 1943ರಲ್ಲಿ ನೆದರ್‌ಲ್ಯಾಂಡ್ಸ್‌ನ ಕಾಂಪೆನ್ ಊರಿನಲ್ಲಿ ವಿಲೆಮ್ ಕೋಲ್ಫ್ ತಮ್ಮ ತಿರುಗುವ ಡ್ರಮ್ ಮೆಷಿನ್ ನಡೆಸಲು ಆಗಿದ್ದು ಹೆಪಾರಿನ್ ಇದ್ದದ್ದರಿಂದ. ಆಮೇಲೆ ಮೆಷಿನ್ ಬದಲಾಯಿತು, ಫಿಲ್ಟರ್ ಬದಲಾಯಿತು, ಕಂಪ್ಯೂಟರ್ ಬಂತು. ಹೆಪಾರಿನ್ ಹಾಗೇ ಉಳಿಯಿತು. ಅದು ಸಾಕಾಗುತ್ತಿದೆಯೋ ಇಲ್ಲವೋ ಎಂದು ಡಯಾಲಿಸಿಸ್ ನಡೆಯುವಾಗಲೇ ತಿಳಿಯುವ ವಿದ್ಯೆ ಮಾತ್ರ ಅಷ್ಟು ಬೆಳೆಯಲಿಲ್ಲ.

ಪ್ರೆಶರ್ ಏನು ಹೇಳುತ್ತದೆ, ಏನು ಮುಚ್ಚಿಡುತ್ತದೆ

ಈಗ ಒಂದು ಸಣ್ಣ ಲೆಕ್ಕ ನೋಡೋಣ. ವಿಷಯದ ತಿರುಳು ಇಲ್ಲೇ ಇದೆ.

ಫಿಲ್ಟರ್ ಒಳಗಿನ 10 ಸಾವಿರ ಎಳೆಗಳು ಪಕ್ಕಪಕ್ಕದಲ್ಲಿರುವ 10 ಸಾವಿರ ದಾರಿಗಳಿದ್ದಂತೆ. ಕೆಲವು ಮುಚ್ಚಿದರೆ ರಕ್ತ ಉಳಿದವುಗಳಲ್ಲಿ ಹಂಚಿಕೊಂಡು ಹೋಗುತ್ತದೆ. ಪಂಪ್ ಅಷ್ಟೇ ವೇಗದಲ್ಲಿ ತಳ್ಳುತ್ತಿರುತ್ತದೆ. ಫಿಲ್ಟರ್ ಒಳಗೆ ಹೋಗುವಾಗಿನ ಪ್ರೆಶರ್‌ಗೂ ಹೊರಬರುವಾಗಿನ ಪ್ರೆಶರ್‌ಗೂ 100 ಮಿ.ಮೀ. ಪಾದರಸದಷ್ಟು ವ್ಯತ್ಯಾಸ ಇದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ನೂರಕ್ಕೆ ಹತ್ತು ಎಳೆ ಪೂರ್ತಿ ಮುಚ್ಚಿದರೆ ಆ ವ್ಯತ್ಯಾಸ 111 ಆಗುತ್ತದೆ. ಇಪ್ಪತ್ತು ಮುಚ್ಚಿದರೆ 125. ರೋಗಿ ಕೆಮ್ಮಿದರೆ, ಮಗ್ಗುಲಾದರೆ, ಕೈ ಸ್ವಲ್ಪ ಮಡಚಿದರೆ ಪರದೆಯ ಮೇಲಿನ ಅಂಕಿ ಇದಕ್ಕಿಂತ ಜಾಸ್ತಿ ಕುಣಿಯುತ್ತದೆ. ಸಾವಿರ ಎಳೆ ಸತ್ತಿರುವ ಸುದ್ದಿ ಆ ಕುಣಿತದಲ್ಲಿ ಮುಳುಗಿ ಹೋಗುತ್ತದೆ. ಅರ್ಧ ಫಿಲ್ಟರ್ ಮುಚ್ಚಿದಾಗ ಮಾತ್ರ ವ್ಯತ್ಯಾಸ ಇಮ್ಮಡಿಯಾಗಿ 200ಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ಆ ಫಿಲ್ಟರ್‌ಗೆ ಮಾಡಲು ಜಾಸ್ತಿ ಏನೂ ಉಳಿದಿರುವುದಿಲ್ಲ.

ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿದೆ. ಈ ವ್ಯತ್ಯಾಸ ತಿಳಿಯಬೇಕಾದರೆ ಫಿಲ್ಟರ್‌ಗೆ ಮೊದಲೂ ಒಂದು ಸೆನ್ಸರ್ ಬೇಕು, ನಂತರವೂ ಒಂದು ಬೇಕು. ಅನೇಕ ಮೆಷಿನ್‌ಗಳಲ್ಲಿ ದಿನನಿತ್ಯ ಬಳಸುವುದು ಎರಡೇ ರಕ್ತದ ಪ್ರೆಶರ್‌ಗಳು. ಒಂದು ಪಂಪ್‌ಗಿಂತ ಮೊದಲು ಅಳೆಯುವ ಆರ್ಟೀರಿಯಲ್ ಪ್ರೆಶರ್. ಇನ್ನೊಂದು ಡ್ರಿಪ್ ಚೇಂಬರ್‌ನಲ್ಲಿ ಅಳೆಯುವ ವೀನಸ್ ಪ್ರೆಶರ್. ಪಂಪ್‌ಗೂ ಫಿಲ್ಟರ್‌ಗೂ ನಡುವಿನ ಪ್ರೆಶರ್ ಅಳೆಯುವ ಅನುಕೂಲ ಎಷ್ಟೋ ಕಡೆ ಇರುವುದೇ ಇಲ್ಲ, ಅಥವಾ ಇದ್ದರೂ ಅದಕ್ಕೆ ಬೇಕಾದ ಲೈನ್ ಹಾಕಿರುವುದಿಲ್ಲ. ಆಗ ಏನಾಗುತ್ತದೆ? ಹೆಪ್ಪು ಫಿಲ್ಟರ್‌ನಲ್ಲಿ ಕಟ್ಟುತ್ತಿದೆ. ವೀನಸ್ ಸೆನ್ಸರ್ ಇರುವುದು ಫಿಲ್ಟರ್ ದಾಟಿದ ಮೇಲೆ. ಪಂಪ್ ಅಷ್ಟೇ ರಕ್ತ ತಳ್ಳುತ್ತಿರುವುದರಿಂದ ಅಲ್ಲಿಗೆ ಬರುವ ಪ್ರೆಶರ್ ಹಾಗೇ ಇರುತ್ತದೆ, ಕೆಲವೊಮ್ಮೆ ಸ್ವಲ್ಪ ಇಳಿಯುತ್ತದೆ ಕೂಡ. ಪರದೆ ನೋಡಿದವರಿಗೆ ಎಲ್ಲ ಚೆನ್ನಾಗಿದೆ ಅನಿಸುತ್ತದೆ.

ಎರಡೂ ಸೆನ್ಸರ್ ಇದ್ದರೆ ಓದುವುದು ಕಷ್ಟವಲ್ಲ. ಫಿಲ್ಟರ್‌ಗೆ ಮೊದಲಿನ ಪ್ರೆಶರ್ ಏರುತ್ತಿದೆ, ನಂತರದ್ದು ಇದ್ದಲ್ಲೇ ಇದೆ ಎಂದರೆ ಹೆಪ್ಪು ಫಿಲ್ಟರ್‌ನಲ್ಲಿದೆ. ಎರಡೂ ಒಟ್ಟಿಗೆ ಏರುತ್ತಿವೆ ಎಂದರೆ ತೊಂದರೆ ಇನ್ನೂ ಮುಂದೆ ಇದೆ, ಡ್ರಿಪ್ ಚೇಂಬರ್‌ನಲ್ಲೋ ಅದರಾಚೆಯ ಲೈನಿನಲ್ಲೋ ಸೂಜಿಯಲ್ಲೋ. ಆದರೆ ಇಲ್ಲೂ ಒಂದು ತೊಡಕು. ವೀನಸ್ ಪ್ರೆಶರ್ ಏರಲು ಹೆಪ್ಪೇ ಬೇಕೆಂದಿಲ್ಲ. ಟ್ಯೂಬ್ ಮೈಯಡಿ ಸಿಕ್ಕಿಕೊಂಡಿರಬಹುದು. ಸೂಜಿಯ ತುದಿ ರಕ್ತನಾಳದ ಗೋಡೆಗೆ ಒತ್ತಿರಬಹುದು. ಸೂಜಿ ಹಾಕಲೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ, ಅಂದರೆ ಫಿಸ್ಟುಲಾ, ಮುಂದೆಲ್ಲೋ ಕಿರಿದಾಗಿರಬಹುದು. ಒಂದು ಅಂಕಿ, ನಾಲ್ಕು ಕಾರಣ. ಅದಕ್ಕೇ ಅನುಭವಿ ಟೆಕ್ನಿಷಿಯನ್ ಅಲಾರಂ ಆದಾಗ ಮೊದಲು ಪರದೆ ನೋಡುವುದಿಲ್ಲ, ಸೂಜಿಯಿಂದ ಹಿಡಿದು ಲೈನ್ ಪೂರ್ತಿ ಕಣ್ಣಾಡಿಸುತ್ತಾರೆ.

ಅಲಾರಂ ಮಿತಿಯ ವಿಚಾರವನ್ನೂ ಹೇಳಲೇಬೇಕು. ಅನೇಕ ಮೆಷಿನ್‌ಗಳಲ್ಲಿ ವೀನಸ್ ಪ್ರೆಶರ್‌ನ ಮಿತಿ ಒಂದು ಕಿಟಕಿ ಇದ್ದಂತೆ. ಈಗಿನ ಅಂಕಿಯ ಸುತ್ತ ಮೇಲೆ ಇಷ್ಟು, ಕೆಳಗೆ ಇಷ್ಟು ಎಂದು ಮೆಷಿನ್ ತಾನೇ ಇಟ್ಟುಕೊಳ್ಳುತ್ತದೆ. ಅಲಾರಂ ಆದಾಗ ಬಟನ್ ಒತ್ತಿದರೆ ಕಿಟಕಿ ಹೊಸ ಅಂಕಿಯ ಸುತ್ತ ಮತ್ತೆ ಕೂರುತ್ತದೆ. ಸೂಜಿ ಕಳಚಿದ್ದನ್ನು ಹಿಡಿಯಲು ಈ ಏರ್ಪಾಡು ಸರಿ. ಹೆಪ್ಪಿಗೆ ಇದು ತಿರುಗುಮುರುಗು. ಪ್ರೆಶರ್ ನಿಧಾನವಾಗಿ ಏರುತ್ತದೆ, ಕಿಟಕಿಯ ಅಂಚಿಗೆ ತಾಗುತ್ತದೆ, ಕೂಗುತ್ತದೆ. ಅವಸರದಲ್ಲಿದ್ದವರು ಬಟನ್ ಒತ್ತುತ್ತಾರೆ. ಕಿಟಕಿ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ. ಮತ್ತೆ ಅರ್ಧ ಗಂಟೆ ಶಾಂತಿ. ಮೂರು ಸಲ ಹೀಗಾದರೆ ಪ್ರೆಶರ್ ಶುರುವಿನಲ್ಲಿದ್ದ ಜಾಗಕ್ಕಿಂತ ಎಷ್ಟು ದೂರ ಬಂದಿದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಮೆಷಿನ್‌ಗೆ ಮೊದಲ ಹದಿನೈದು ನಿಮಿಷದ ಅಂಕಿ ಗೊತ್ತಿರುತ್ತದೆ. ಆದರೆ ಅದನ್ನು ಈಗಿನ ಅಂಕಿಯ ಪಕ್ಕದಲ್ಲಿಟ್ಟು ನೋಡು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ನನಗೆ ಈ ಇಡೀ ವಿಷಯದಲ್ಲಿ ಹೆಚ್ಚು ಕಾಡುವುದು ಇದೇ. ಬೇಕಾದ ಮಾಹಿತಿ ಮೆಷಿನ್ ಒಳಗೇ ಇದೆ.

ಕಣ್ಣಿಗೆ ಕಾಣುವುದು

ಹಾಗಾದರೆ ಈಗ ಹೆಪ್ಪನ್ನು ಮೊದಲು ಹಿಡಿಯುವುದು ಯಾರು? ಕಣ್ಣು. ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರ ಕಣ್ಣು.

ಅವರು ನೋಡುವ ಗುರುತುಗಳು ಹಲವು. ಲೈನಿನಲ್ಲಿ ರಕ್ತದ ಬಣ್ಣ ಇದ್ದಕ್ಕಿದ್ದಂತೆ ಗಾಢವಾಗುವುದು. ಫಿಲ್ಟರ್ ಮೈಮೇಲೆ ಉದ್ದುದ್ದ ಕಪ್ಪು ಗೆರೆಗಳು ಮೂಡುವುದು. ಡ್ರಿಪ್ ಚೇಂಬರ್‌ನಲ್ಲಿ ನೊರೆ ಬಂದು, ಆ ನೊರೆ ನಿಧಾನವಾಗಿ ಗಟ್ಟಿಯಾಗಿ ಗೋಡೆಗೆ ಅಂಟುವುದು. ಚೇಂಬರ್ ತಳದ ಜಾಲರಿಯಲ್ಲಿ ದಾರದಂಥ ಎಳೆ ಸಿಕ್ಕಿಕೊಳ್ಳುವುದು. ಫಿಲ್ಟರ್‌ನಿಂದ ಹೊರಬಂದ ರಕ್ತ ಚೇಂಬರ್‌ಗೆ ಇಳಿಯಲಾಗದೆ ಲೈನಿನಲ್ಲೇ ಹಿಂದೆ ಮುಂದೆ ತೂಗಾಡುವುದು. ಇದು ಕಂಡರೆ ತಡ ಮಾಡುವಂತಿಲ್ಲ.

ಇನ್ನೊಂದು ಗುರುತು ಬಹಳ ಸೂಕ್ಷ್ಮ. ಪಂಪ್‌ನ ಉರುಳೆ ಪ್ರತಿ ಸಲ ಒತ್ತಿದಾಗಲೂ ಪ್ರೆಶರ್ ಅಂಕಿ ಸಣ್ಣಗೆ ಅದುರುತ್ತಿರುತ್ತದೆ. ಚೇಂಬರ್‌ನಿಂದ ಸೆನ್ಸರ್‌ಗೆ ಹೋಗುವ ಸಣ್ಣ ಟ್ಯೂಬಿಗೆ ರಕ್ತ ಏರಿ ಅಲ್ಲೇ ಹೆಪ್ಪುಗಟ್ಟಿದರೆ ಆ ಅದುರು ನಿಂತುಹೋಗುತ್ತದೆ. ಅಂಕಿ ಕಲ್ಲಿನಂತೆ ಸ್ಥಿರವಾಗಿರುತ್ತದೆ. ನೋಡುವವರಿಗೆ ಒಳ್ಳೆಯ ಪ್ರೆಶರ್ ಎನಿಸಬಹುದು. ನಿಜವಾಗಿ ಸೆನ್ಸರ್‌ಗೆ ಏನೂ ಕೇಳಿಸುತ್ತಿಲ್ಲ. ಅತಿಯಾಗಿ ಶಾಂತವಾದ ಅಂಕಿಯನ್ನೂ ಅನುಮಾನಿಸಬೇಕು.

ಅನುಮಾನ ಬಂದಾಗ ಮಾಡುವ ಪರೀಕ್ಷೆ ಸರಳ. ರಕ್ತ ಬರುವ ಲೈನ್ ಸ್ವಲ್ಪ ಹೊತ್ತು ಮುಚ್ಚಿ, 100ರಿಂದ 200 ಮಿ.ಲೀ. ಸಲೈನ್ ಅನ್ನು ಫಿಲ್ಟರ್ ಮೂಲಕ ಬೇಗ ಹಾಯಿಸುತ್ತಾರೆ. ಇದನ್ನೇ ಫ್ಲಶ್ ಎನ್ನುವುದು. ಕೆಂಪು ತೊಳೆದುಹೋದ ಮೇಲೆ ಉಳಿದ ಕಪ್ಪು ಗೆರೆಗಳು ಹೆಪ್ಪುಗಟ್ಟಿದ ಎಳೆಗಳು. ಚೇಂಬರ್‌ನ ಹೆಪ್ಪೂ ಆಗ ಬಿಡಿಯಾಗಿ ಕಾಣುತ್ತದೆ. ಆದರೆ ಈ ಸಲೈನ್ ಕೊನೆಗೆ ಹೋಗುವುದು ರೋಗಿಯ ದೇಹಕ್ಕೇ. ನೀರು ತೆಗೆಯಲೆಂದು ಬಂದವರಿಗೆ ಮತ್ತೆ ನೀರು ಕೊಟ್ಟಂತೆ. ಆ ಲೆಕ್ಕವನ್ನೂ ಸೇರಿಸಿ ತೆಗೆಯಬೇಕು.

ಕಣ್ಣಿಗೂ ಮಿತಿ ಇದೆ. ಹೊರಗಿನಿಂದ ಕಾಣುವುದು ಕಟ್ಟಿನ ಹೊರಸುತ್ತಿನ ಎಳೆಗಳು ಮಾತ್ರ. ನಡುವೆ ಇರುವ ಸಾವಿರಾರು ಎಳೆಗಳಲ್ಲಿ ಏನಾಗಿದೆಯೋ ಕಾಣುವುದಿಲ್ಲ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೊಂದು ದಾರಿ ಮಾಡಿದರು. ಬಳಸಿದ ಫಿಲ್ಟರ್ ಅನ್ನು ತೊಳೆದು ಒಣಗಿಸಿ ಮೈಕ್ರೋ ಸಿಟಿ ಸ್ಕ್ಯಾನ್‌ನಲ್ಲಿಟ್ಟು, ಅಡ್ಡಕ್ಕೆ ಸೀಳಿದಂತೆ ಚಿತ್ರ ತೆಗೆದು, ಯಾವ ಎಳೆ ತೆರೆದಿದೆ, ಯಾವುದು ಮುಚ್ಚಿದೆ ಎಂದು ಎಣಿಸಿದರು. 2018ರಲ್ಲಿ ಅವರು ಈ ವಿಧಾನ ಪ್ರಕಟಿಸಿದ ಮೇಲೆ, ಎಷ್ಟು ಮುಚ್ಚಿತ್ತು ಎಂಬ ಪ್ರಶ್ನೆಗೆ ಅಂದಾಜಿನ ಬದಲು ಎಣಿಕೆ ಸಿಗುವಂತಾಯಿತು. ರೋಗಿಯ ಪಕ್ಕದಲ್ಲಿ ಇದನ್ನು ಮಾಡಲಾಗದು, ನಿಜ. ಆದರೆ ಹೊಸ ಸೆನ್ಸರ್ ಸರಿಯಾಗಿ ಹೇಳುತ್ತಿದೆಯೇ ಎಂದು ಪರೀಕ್ಷಿಸಲು ಇಂಥ ಒಂದು ನಂಬಿಕಸ್ಥ ಅಳತೆ ಬೇಕೇ ಬೇಕು.

ಕಣ್ಣಿಗೆ ಇನ್ನೊಂದು ಕಷ್ಟ ಸಮಯ. ಒಬ್ಬ ನರ್ಸ್ ಒಂದೇ ಹೊತ್ತಿಗೆ ಹಲವು ರೋಗಿಗಳನ್ನು ನೋಡಬೇಕು. ಒಬ್ಬರಿಗೆ ಬಿಪಿ ಇಳಿದಿರುತ್ತದೆ, ಇನ್ನೊಬ್ಬರಿಗೆ ಕಾಲು ಸೆಳೆತ. ಆ ಹೊತ್ತಿನಲ್ಲಿ ಮೂರನೆಯವರ ಫಿಲ್ಟರ್ ಮೇಲೆ ಕಪ್ಪು ಗೆರೆ ಮೂಡಿದರೆ ನೋಡುವವರು ಯಾರು? ಇದು ಯಾರ ಅಸಡ್ಡೆಯೂ ಅಲ್ಲ. ನೋಡುವ ಕೆಲಸವನ್ನು ಮೆಷಿನ್ ಹಂಚಿಕೊಳ್ಳಬೇಕು ಎನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕ್ಲಾಟ್ ಆದರೆ ಹೋಗುವುದೇನು

ಜೋರಾಗಿ ಹೆಪ್ಪುಗಟ್ಟಿದ ರಕ್ತವನ್ನು ರೋಗಿಗೆ ಮರಳಿಸುವಂತಿಲ್ಲ. ಹೆಪ್ಪು ದೇಹದೊಳಗೆ ಹೋದರೆ ಅಪಾಯ. ಲೈನ್ ಸಮೇತ ಎಸೆಯಬೇಕು. ಅಂದರೆ ಒಳಗಿದ್ದ 200 ಮಿ.ಲೀ. ಆಸುಪಾಸಿನ ರಕ್ತವೂ ಹೋಯಿತು.

200 ಮಿ.ಲೀ. ಏನು ಮಹಾ ಎನಿಸಬಹುದು. ರಕ್ತದಾನದಲ್ಲಿ ಅದಕ್ಕಿಂತ ಜಾಸ್ತಿ ಕೊಡುತ್ತಾರೆ, ಅಲ್ವಾ? ಆದರೆ ಕಿಡ್ನಿ ಕೆಟ್ಟವರಿಗೆ ಹೊಸ ರಕ್ತ ಮಾಡಿಕೊಳ್ಳುವ ಶಕ್ತಿಯೇ ಕಡಿಮೆ. ರಕ್ತ ಮಾಡಲು ಮೂಳೆಮಜ್ಜೆಗೆ ಹೇಳುವ ಎರಿಥ್ರೋಪೊಯೆಟಿನ್ ಹಾರ್ಮೋನ್ ಹೆಚ್ಚಾಗಿ ಹುಟ್ಟುವುದು ಕಿಡ್ನಿಯಲ್ಲೇ. ಲೆಕ್ಕ ಹಾಕಿ ನೋಡಿ. ಹಿಮೋಗ್ಲೋಬಿನ್ 10, ಅಂದರೆ 100 ಮಿ.ಲೀ.ಗೆ 10 ಗ್ರಾಂ, ಇರುವ ವ್ಯಕ್ತಿಯ 200 ಮಿ.ಲೀ. ರಕ್ತದಲ್ಲಿ 20 ಗ್ರಾಂ ಹಿಮೋಗ್ಲೋಬಿನ್ ಇರುತ್ತದೆ. ಪ್ರತಿ ಗ್ರಾಂಗೆ 3.4 ಮಿಲಿಗ್ರಾಂ ಕಬ್ಬಿಣ. ಒಟ್ಟು 68 ಮಿಲಿಗ್ರಾಂ. ಆರೋಗ್ಯವಂತರ ದೇಹ ಆಹಾರದಿಂದ ದಿನಕ್ಕೆ ಹೀರಿಕೊಳ್ಳುವ ಕಬ್ಬಿಣವೇ 1ರಿಂದ 2 ಮಿಲಿಗ್ರಾಂ. ಒಂದು ಫಿಲ್ಟರ್ ಪೂರ್ತಿ ಕ್ಲಾಟ್ ಆದರೆ ಒಂದರಿಂದ ಎರಡು ತಿಂಗಳ ಕಬ್ಬಿಣ ಕಸದ ಬುಟ್ಟಿಗೆ.

ಪೂರ್ತಿ ಕ್ಲಾಟ್ ಆಗುವುದು ಎಲ್ಲರಿಗೂ ಕಾಣುತ್ತದೆ, ಎಲ್ಲರೂ ಓಡಿ ಬರುತ್ತಾರೆ. ನನಗೆ ಹೆಚ್ಚು ಚಿಂತೆ ಅರ್ಧಂಬರ್ಧ ಕ್ಲಾಟ್ ಆಗುವುದರ ಬಗ್ಗೆ. ಕಾಲು ಭಾಗ ಎಳೆಗಳು ಮುಚ್ಚಿದ ಫಿಲ್ಟರ್ ನಾಲ್ಕು ಗಂಟೆ ಮುಗಿಸುತ್ತದೆ. ರಕ್ತವೂ ಮರಳುತ್ತದೆ. ಆದರೆ ಶುದ್ಧವಾಗಬೇಕಾದಷ್ಟು ರಕ್ತ ಶುದ್ಧವಾಗಿರುವುದಿಲ್ಲ. ವಾರಕ್ಕೆ ಮೂರು ಸಲ ಹೀಗೇ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಾ ಹೋದರೆ ಸುಸ್ತು, ಹಸಿವಿಲ್ಲದಿರುವುದು, ಮೈ ತುರಿಕೆ ಕಾಡಬಹುದು. ಅದಕ್ಕೆ ಕಾರಣ ಫಿಲ್ಟರ್ ಎಂದು ಯಾರಿಗೂ ಹೊಳೆಯದೆ ಇರಬಹುದು.

ಇಲ್ಲೊಂದು ವಿಚಿತ್ರ ಇದೆ. ಒಬ್ಬ ರೋಗಿಯ ಫಿಲ್ಟರ್ ಅನ್ನು ತೊಳೆದು ಅದೇ ರೋಗಿಗೆ ಮತ್ತೆ ಬಳಸುವ ಪದ್ಧತಿ ಇರುವ ಕಡೆ, ಪ್ರತಿ ಸಲವೂ ಎಳೆಗಳ ಒಳಗೆ ಎಷ್ಟು ನೀರು ಹಿಡಿಯುತ್ತದೆ ಎಂದು ಅಳೆಯುತ್ತಾರೆ. ಅದು ಮೊದಲಿದ್ದದ್ದರ 80 ಪ್ರತಿಶತಕ್ಕಿಂತ ಕೆಳಗೆ ಬಂದರೆ ಫಿಲ್ಟರ್ ಎಸೆಯಬೇಕು ಎಂಬುದು ನಿಯಮ. ಒಂದೇ ಸಲ ಬಳಸಿ ಎಸೆಯುವುದು ಸೋಂಕಿನ ದೃಷ್ಟಿಯಿಂದ ಒಳ್ಳೆಯದೇ. ಆದರೆ ಅದರ ಜೊತೆಗೆ ಈ ಅಳತೆಯೂ ಕಸಕ್ಕೆ ಹೋಯಿತು. ಎಷ್ಟು ಎಳೆ ಮುಚ್ಚಿತ್ತು ಎಂಬುದಕ್ಕೆ ವಾರ್ಡಿನಲ್ಲಿ ಇದ್ದ ಒಂದೇ ಒಂದು ಅಂಕಿ ಅದು. ಅದರ ಜಾಗಕ್ಕೆ ಇನ್ನೊಂದು ಬರಲಿಲ್ಲ.

ಬೇರೆ ದಾರಿಗಳು

ಕೆಲವು ಮೆಷಿನ್‌ಗಳಲ್ಲಿ ಶುದ್ಧೀಕರಣ ಎಷ್ಟು ಆಗುತ್ತಿದೆ ಎಂದು ನಡುನಡುವೆ ಅಳೆಯುವ ಸೌಲಭ್ಯ ಇದೆ. ಫಿಲ್ಟರ್‌ಗೆ ಹೋಗುವ ದ್ರಾವಣದ ಉಪ್ಪಿನ ಅಂಶವನ್ನು ಸ್ವಲ್ಪ ಹೊತ್ತು ಬದಲಿಸಿ, ಹೊರಬರುವ ದ್ರಾವಣದಲ್ಲಿ ಆ ಬದಲಾವಣೆ ಎಷ್ಟು ಉಳಿದಿದೆ ಎಂದು ನೋಡುತ್ತದೆ. ಅದರಿಂದ ಫಿಲ್ಟರ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಲೆಕ್ಕ ಸಿಗುತ್ತದೆ. ಇನ್ನು ಕೆಲವು ಮೆಷಿನ್‌ಗಳು ಹೊರಬರುವ ದ್ರಾವಣದ ಮೂಲಕ ಅಲ್ಟ್ರಾವಯಲೆಟ್ ಬೆಳಕು ಹಾಯಿಸಿ ಅದರಲ್ಲಿ ಕಲ್ಮಶ ಎಷ್ಟಿದೆ ಎಂದು ನೋಡುತ್ತವೆ. ಇವನ್ನು ಹೆಪ್ಪಿಗಾಗಿ ಮಾಡಿದ್ದಲ್ಲ. ಆದರೆ ಎರಡನೇ ಗಂಟೆಯ ನಂತರ ಈ ಅಂಕಿ ಸುಮ್ಮಸುಮ್ಮನೆ ಇಳಿಯುತ್ತಿದ್ದರೆ, ರಕ್ತದ ಹರಿವು ಅಷ್ಟೇ ಇದ್ದರೆ, ಎಳೆಗಳು ಮುಚ್ಚುತ್ತಿವೆಯೇ ಎಂದು ನೋಡಲು ಅದು ಸಾಕಷ್ಟು ಒಳ್ಳೆಯ ಕಾರಣ.

ಐಸಿಯುವಿನಲ್ಲಿ ಹಗಲೂ ರಾತ್ರಿ ನಡೆಯುವ ಡಯಾಲಿಸಿಸ್‌ನಲ್ಲಿ ಕಥೆ ಬೇರೆ. ಅಲ್ಲಿ ರಕ್ತದ ಹರಿವು ನಿಧಾನ, ಒಂದೇ ಫಿಲ್ಟರ್ ಮೂರು ದಿನದವರೆಗೆ ಓಡಬೇಕು. ಹೆಪ್ಪು ಅಲ್ಲಿ ಬಲು ದೊಡ್ಡ ಶತ್ರು. ಅದಕ್ಕೇ ಆ ಮೆಷಿನ್‌ಗಳಲ್ಲಿ ಫಿಲ್ಟರ್‌ನ ಎರಡೂ ಕಡೆ ಪ್ರೆಶರ್ ಅಳೆಯುತ್ತಾರೆ. ಶುರುವಿನ ವ್ಯತ್ಯಾಸವನ್ನು ನೆನಪಿಟ್ಟುಕೊಂಡು, ಅದಕ್ಕಿಂತ ಎಷ್ಟು ಏರಿದೆ ಎಂದು ಗ್ರಾಫ್ ತೋರಿಸಿ, ಫಿಲ್ಟರ್ ಕ್ಲಾಟ್ ಆಗುತ್ತಿದೆ ಎಂದು ಎಚ್ಚರಿಸುತ್ತವೆ. ವಿದ್ಯೆ ಗೊತ್ತಿಲ್ಲ ಎಂದಲ್ಲ, ನೋಡಿ. ಅದೇ ವಾರ್ಡಿನಿಂದ ನಾಲ್ಕು ಹೆಜ್ಜೆ ಆಚೆ ಇರುವ ಮೆಷಿನ್‌ಗೆ ಅದು ಬಂದಿಲ್ಲ, ಅಷ್ಟೇ. ನಾಲ್ಕು ಗಂಟೆಯ ಕೆಲಸಕ್ಕೆ ಅಷ್ಟೆಲ್ಲ ಯಾಕೆ ಎಂಬ ವಾದ ಇದೆ. ಆದರೆ ಆ ನಾಲ್ಕು ಗಂಟೆ ವಾರಕ್ಕೆ ಮೂರು ಸಲ, ವರ್ಷಕ್ಕೆ 156 ಸಲ ಬರುತ್ತದೆ. ಹಾಗಾಗಿ ಆ ವಾದ ನನಗೆ ಒಪ್ಪಿಗೆಯಾಗುವುದಿಲ್ಲ.

ಹೊಸ ಪ್ರಯತ್ನಗಳೂ ನಡೆಯುತ್ತಿವೆ. ಬೆಳಕು ಬಿಟ್ಟು ಅದು ಚದುರುವ ರೀತಿಯಿಂದ ಹೆಪ್ಪು ಗುರುತಿಸುವುದು. ಅಲ್ಟ್ರಾಸೌಂಡ್ ಬಳಸುವುದು. ರಕ್ತದ ಮೂಲಕ ಸಣ್ಣ ವಿದ್ಯುತ್ ಹಾಯಿಸಿ, ಕಣಗಳು ಬಲೆಯಲ್ಲಿ ಸಿಕ್ಕಿದಾಗ ಬದಲಾಗುವ ತಡೆಯನ್ನು ಅಳೆಯುವುದು. ಚೇಂಬರ್ ಎದುರು ಕ್ಯಾಮೆರಾ ಇಟ್ಟು ಕಂಪ್ಯೂಟರ್‌ಗೆ ನೊರೆ ಮತ್ತು ಹೆಪ್ಪಿನ ವ್ಯತ್ಯಾಸ ಕಲಿಸುವುದು.

ಇವುಗಳಲ್ಲಿ ನನಗೆ ಜಾಸ್ತಿ ಭರವಸೆ ಮೂಡಿಸುವುದು ಎಲ್ಲಕ್ಕಿಂತ ಸರಳವಾದದ್ದು, ಪ್ರೆಶರ್‌ನ ಅದುರನ್ನು ಓದುವುದು. ಮೇಲೆ ಹೇಳಿದೆನಲ್ಲ, ಪಂಪ್‌ನ ಪ್ರತಿ ಒತ್ತಿಗೂ ಪ್ರೆಶರ್ ಅದುರುತ್ತದೆ ಎಂದು. ಆ ಅದುರು ಫಿಲ್ಟರ್ ದಾಟಿ ಚೇಂಬರ್‌ವರೆಗೆ ಬರುತ್ತದೆ. ದಾರಿ ತೆರೆದಿದ್ದಾಗ ಅದರ ಆಕಾರ ಒಂದು ರೀತಿ. ಎಳೆಗಳು ಮುಚ್ಚುತ್ತಾ ಬಂದಂತೆ ಚೂಪಾದ ಭಾಗಗಳು ಮೊಂಡಾಗುತ್ತವೆ. ಸರಾಸರಿ ಅಂಕಿ ಬದಲಾಗುವ ಮೊದಲೇ ಅಲೆಯ ಆಕಾರ ಬದಲಾಗಬಹುದು. ನಾಡಿ ಹಿಡಿದು ನೋಡುವ ವೈದ್ಯರು ಬಡಿತ ಎಣಿಸುವುದಷ್ಟೇ ಅಲ್ಲ, ಬಡಿತದ ಬಗೆಯನ್ನೂ ಗಮನಿಸುತ್ತಾರಲ್ಲ, ಹಾಗೆ. ಇದಕ್ಕೆ ಹೊಸ ಭಾಗ ಬೇಕಿಲ್ಲ. ಇರುವ ಸೆನ್ಸರ್‌ನ ಅಂಕಿಯನ್ನು ಬೇಗ ಬೇಗ ಓದಿ ಲೆಕ್ಕ ಹಾಕಿದರೆ ಸಾಕು. ರಕ್ತಕ್ಕೆ ಹೊಸದೇನೂ ತಾಗುವುದೂ ಇಲ್ಲ.

ಕಷ್ಟ ಇರುವುದು ಸುಳ್ಳು ಅಲಾರಂನಲ್ಲಿ. ವಾರ್ಡಿನಲ್ಲಿ ಈಗಾಗಲೇ ದಿನವಿಡೀ ಕೂಗಾಟ. ಇನ್ನೊಂದು ಅಲಾರಂ ಸೇರಿಸಿ, ಅದು ಹತ್ತರಲ್ಲಿ ಎಂಟು ಸಲ ಸುಳ್ಳಾದರೆ, ಎರಡೇ ವಾರದಲ್ಲಿ ಯಾರೂ ಅದಕ್ಕೆ ತಲೆ ಎತ್ತುವುದಿಲ್ಲ. ಅದಕ್ಕೇ ಇದು ಕೂಗುವ ಅಲಾರಂ ಆಗುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಪರದೆಯ ಮೂಲೆಯಲ್ಲಿ ಶುರುವಿನಿಂದ ಈವರೆಗಿನ ಏರಿಕೆ ತೋರಿಸುವ ಒಂದು ಗೆರೆ ಇದ್ದರೆ ಸಾಕು. ನರ್ಸ್ ಬಿಪಿ ನೋಡಲು ಬಂದಾಗ ಅದನ್ನೂ ನೋಡಿ, ಗೆರೆ ಏರಿದ್ದರೆ ಫಿಲ್ಟರ್ ಮೇಲೊಮ್ಮೆ ಕಣ್ಣು ಹಾಯಿಸುತ್ತಾರೆ.

ಹೆಪಾರಿನ್ ಕೊಡಲಾಗದವರಿಗೆ ಇದು ಇನ್ನೂ ಮುಖ್ಯ. ಹೊಸದಾಗಿ ಆಪರೇಷನ್ ಆದವರು, ರಕ್ತಸ್ರಾವ ಇರುವವರು ಇವರು. ಅವರಿಗೆ ಹರಿವು ಜಾಸ್ತಿ ಇಟ್ಟು, 15ರಿಂದ 30 ನಿಮಿಷಕ್ಕೊಮ್ಮೆ ಸಲೈನ್ ಫ್ಲಶ್ ಮಾಡುತ್ತಾರೆ. ಅಥವಾ ಸಿಟ್ರೇಟ್ ಕೊಟ್ಟು, ಹೆಪ್ಪುಗಟ್ಟಲು ಬೇಕಾದ ಕ್ಯಾಲ್ಸಿಯಂ ಅನ್ನು ಹೊರಗಿನ ದಾರಿಯಲ್ಲಿ ಮಾತ್ರ ಕಟ್ಟಿಹಾಕುತ್ತಾರೆ. ಅಲ್ಲಿ ಪ್ರತಿ ಹತ್ತು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಹೆಪಾರಿನ್ ಸಾಕಷ್ಟು ಕೊಟ್ಟರೂ ಮತ್ತೆ ಮತ್ತೆ ಕ್ಲಾಟ್ ಆಗುತ್ತಿದ್ದರೆ ಡೋಸ್ ಏರಿಸುವ ಮೊದಲು ನಿಂತು ಯೋಚಿಸಬೇಕು. ಫಿಸ್ಟುಲಾ ಅಥವಾ ಕ್ಯಾಥೆಟರ್‌ನಲ್ಲಿ ಹರಿವು ಕಡಿಮೆಯಾಗಿರಬಹುದು. ಇನ್ನೊಂದು ಕಾರಣ ಅಪರೂಪ, ಆದರೆ ಅಪಾಯಕಾರಿ. ಕೆಲವರಲ್ಲಿ ಹೆಪಾರಿನ್ ಶುರು ಮಾಡಿದ 5ರಿಂದ 10 ದಿನಗಳಲ್ಲಿ ದೇಹ ಅದಕ್ಕೆ ವಿರುದ್ಧ ತಿರುಗುತ್ತದೆ. ಪ್ಲೇಟ್‌ಲೆಟ್ ಎಣಿಕೆ ಕುಸಿಯುತ್ತದೆ, ಹೆಪ್ಪುಗಟ್ಟುವುದು ಮಾತ್ರ ಜಾಸ್ತಿಯಾಗುತ್ತದೆ. ಅಂಥವರಿಗೆ ಹೆಪಾರಿನ್ ಪೂರ್ತಿ ನಿಲ್ಲಿಸಬೇಕು. ಅದರ ಮೊದಲ ಸುಳಿವು ಕೆಲವೊಮ್ಮೆ ಸಿಗುವುದೇ ಕಾರಣವಿಲ್ಲದೆ ಕ್ಲಾಟ್ ಆದ ಫಿಲ್ಟರ್‌ನಲ್ಲಿ. ಈ ಫಿಲ್ಟರ್ ಹೇಗಿತ್ತು ಎಂದು ಯಾರೂ ಬರೆದಿಡದಿದ್ದರೆ ಆ ಸುಳಿವು ಕಸದ ಜೊತೆ ಹೋಗುತ್ತದೆ.

ಬರೆದಿಡಲು ಮೆಷಿನ್ ಬದಲಾಗುವವರೆಗೆ ಕಾಯಬೇಕಿಲ್ಲ. ಡಯಾಲಿಸಿಸ್ ಮುಗಿದು ರಕ್ತ ಮರಳಿಸಿದ ಮೇಲೆ ಫಿಲ್ಟರ್ ಬಿಳಿಯಾಗಿದೆಯೇ, ಕೆಲವು ಗೆರೆ ಉಳಿದಿವೆಯೇ, ಅರ್ಧಕ್ಕಿಂತ ಜಾಸ್ತಿ ಕೆಂಪಾಗಿದೆಯೇ ಎಂದು ಅರ್ಧ ನಿಮಿಷದಲ್ಲಿ ಹೇಳಬಹುದು. ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುವ ಪದ್ಧತಿ ಎಷ್ಟೋ ಕಡೆ ಇದೆ. ಮೊದಲ ಹದಿನೈದು ನಿಮಿಷದ ಪ್ರೆಶರ್, ಕೊನೆಯ ಹದಿನೈದು ನಿಮಿಷದ ಪ್ರೆಶರ್, ಚೇಂಬರ್‌ಗೊಂದು ಅಂಕ, ಫಿಲ್ಟರ್‌ಗೊಂದು ಅಂಕ. ಶೀಟಿನಲ್ಲಿ ಒಂದೇ ಸಾಲು. ರೋಗಿಯೂ, ಜೊತೆಗೆ ಬಂದವರೂ ಇದನ್ನು ಕೇಳಬಹುದು. ಹೆಪಾರಿನ್ ಎಷ್ಟು ಎಂದು ನಿರ್ಧರಿಸುವುದು ಡಾಕ್ಟರ ಕೆಲಸ, ಅದಕ್ಕೆ ನಾವು ಕೈ ಹಾಕಬಾರದು. ಆದರೆ "ಸಿಸ್ಟರ್, ಇವತ್ತು ಫಿಲ್ಟರ್ ಹೇಗಿತ್ತು?" ಎಂದು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮುಂದಿನ ಸಲದ ಹೆಪಾರಿನ್ ಬರೆಯುವ ಮೊದಲು ಡಾಕ್ಟರ್ ತಿಳಿಯಬೇಕಾದದ್ದೂ ಅದೇ.